ಉಮಾಬಾಯಿ ದಾಭಾಡೆಯ ಆಡಳಿತ: ತಳೇಗಾಂವದ ಸೇನಾಪತಿ ಮನೆತನ

ಪುಣೆ–ಮುಂಬಯಿ ರೈಲುಮಾರ್ಗದ ತಳೇಗಾಂವಕ್ಕೆ ‘ದಾಭಾಡೆ’ ಎಂಬುದು ಸೇರಿಕೊಂಡದ್ದು ಮರಾಠಾ ಸೇನಾಪತಿಗಳ ಮನೆತನದಿಂದ. ಈ ಮನೆತನದ ಉಮಾಬಾಯಿಯನ್ನು ಕೆಳದಿಯ ಚೆನ್ನಮ್ಮಾಜಿಯೊಡನೆ ಹೋಲಿಸುವ ಪ್ರಯತ್ನ ಸಹಜವೇ. ಇಬ್ಬರೂ ವಿಧವೆಯರು, ಇಬ್ಬರೂ ಮನೆತನದ ಅಧಿಕಾರವನ್ನು ಹೊತ್ತವರು. ಅಲ್ಲದೆ, 1689ರಲ್ಲಿ ಚೆನ್ನಮ್ಮಾಜಿಯ ಆಶ್ರಯ ಪಡೆದ ರಾಜಾರಾಮನ ಸೇವೆಯಿಂದಲೇ ದಾಭಾಡೆಯವರೂ ಏಳಿಗೆ ಹೊಂದಿದರು. ಆದರೆ ಈ ಹೋಲಿಕೆಯನ್ನು ಎಚ್ಚರದಿಂದ ಮಾಡಬೇಕೆಂಬುದು ನಮ್ಮ ಅಭಿಪ್ರಾಯ. ಕೆಳದಿಯ ರಾಣಿ ಸ್ವಂತ ಸಿಂಹಾಸನದ ಮೇಲೆ ಆಳಿದವಳು. ಉಮಾಬಾಯಿಯ ಅಧಿಕಾರಕ್ಕೆ ಆಧಾರವಾದುದು ಛತ್ರಪತಿಯಿಂದ ಬಂದ ಪದವಿ.

ಶಾಹು 1717ರಲ್ಲಿ ಖಂಡೇರಾವ್ ದಾಭಾಡೆಗೆ ಸೇನಾಪತಿ ಪದವಿಯನ್ನಿತ್ತನು. ಖಂಡೇರಾವ್ 1729ರಲ್ಲಿ ತೀರಿಕೊಂಡನು. ಮಗ ತ್ರ್ಯಂಬಕರಾವ್ ಗುಜರಾತಿನ ಚೌತಾಯಿಯ ವಿಷಯದಲ್ಲಿ ಪೇಶ್ವೆ ಒಂದನೆಯ ಬಾಜೀರಾಯನನ್ನು ಎದುರಿಸಿ, 1731ರ ಏಪ್ರಿಲ್ 1ರಂದು ಡಭೋಯಿ ಬಳಿ ಹತನಾದನು. ಒಂದೇ ಅರಸನ ಪ್ರಧಾನಿ ಮತ್ತು ಸೇನಾಪತಿಗಳ ನಡುವಣ ಯುದ್ಧವಿದು! ಶಾಹು ಕಿರಿಯ ಮಗ ಯಶವಂತರಾವನನ್ನು ಸೇನಾಪತಿಯನ್ನಾಗಿಸಿದನಾದರೂ ಕಾರ್ಯಭಾರವೆಲ್ಲ ಉಮಾಬಾಯಿಯದಾಯಿತು. 1732ರಲ್ಲಿ ಮಾರವಾಡದ ಅಭಯಸಿಂಹನ ಕಡೆಯವರು ಪಿಲಾಜಿ ಗಾಯಕವಾಡನನ್ನು ಡಾಕೋರಿನಲ್ಲಿ ಕೊಂದಾಗ, ಆಕೆ ಸೈನ್ಯದೊಡನೆ ಅಹಮದಾಬಾದಿನ ಮೇಲೆ ನಡೆದು, ಚೌತಾಯಿ ಕೊಡಲು ಅವನನ್ನು ಒಪ್ಪಿಸಿದಳು.

ಇಲ್ಲಿಯೇ ಈ ಆಡಳಿತದ ದೌರ್ಬಲ್ಯವೂ ಅಡಗಿದೆ. ಗುಜರಾತಿನಲ್ಲಿ ಕರವನ್ನು ವಸೂಲು ಮಾಡುತ್ತಿದ್ದವರು ಗಾಯಕವಾಡರು. ತಳೇಗಾಂವಕ್ಕೆ ಹಕ್ಕು ಉಳಿಯಿತು, ಬಲ ಬಡೋದೆಯತ್ತ ಸರಿಯಿತು. ಶಾಹು 1749ರಲ್ಲಿ ಮರಣಹೊಂದಿದ ಮೇಲೆ ಹಕ್ಕಿನ ಆಸರೆಯೂ ತಪ್ಪಿತು. ಗುಜರಾತಿನ ಉತ್ಪನ್ನದಲ್ಲಿ ಅರ್ಧಭಾಗವನ್ನು ಪೇಶ್ವೆ ಬಾಳಾಜಿ ಬಾಜೀರಾಯನು ಕೇಳಿದಾಗ, ಉಮಾಬಾಯಿ 1750ರಲ್ಲಿ ಆಳಂದಿಯಲ್ಲಿ ಅವನನ್ನು ಕಂಡು, ಒತ್ತಾಯದ ಕರಾರು ತನಗೆ ಬಂಧನಕಾರಿಯಲ್ಲವೆಂದು ವಾದಿಸಿದಳು. ವಾದ ಫಲಿಸಲಿಲ್ಲ. ಆಕೆ ತಾರಾಬಾಯಿಯ ಪಕ್ಷವನ್ನು ಸೇರಿದಳು. ದಮಾಜಿ ಗಾಯಕವಾಡನು ದಂಡೆತ್ತಿ ಬಂದು ಸಾತಾರೆಯ ಬಳಿ ಸೋತನು. 1751ರಲ್ಲಿ ದಾಭಾಡೆಯವರೂ ಸೆರೆಯಾದರು. ಮರುವರ್ಷ ಆ ಅರ್ಧಭಾಗಕ್ಕೆ ಒಪ್ಪಿಕೊಂಡವನು ದಮಾಜಿಯೇ. ಉಮಾಬಾಯಿ 1753ರಲ್ಲಿ ಪುಣೆಯಲ್ಲಿ ನಿಧನಳಾದಳು.

ವಿದ್ಯಾಚರಿತ್ರೆಯ ಅಭ್ಯಾಸಿಗಳಿಗೆ ಇನ್ನೊಂದು ಸಂಗತಿ. ತಳೇಗಾಂವದಲ್ಲಿ ಖಂಡೇರಾವ್ ವಿದ್ವಾಂಸರಿಗೆ ಶ್ರಾವಣ ಮಾಸದಲ್ಲಿ ದಕ್ಷಿಣೆ ಕೊಡುವ ಪದ್ಧತಿಯನ್ನಿಟ್ಟಿದ್ದನು. ಡಭೋಯಿ ಯುದ್ಧದ ಅನಂತರ ಪೇಶ್ವೆಯರು ಅದನ್ನು ಪುಣೆಯಲ್ಲಿ ಮುಂದುವರಿಸಿದರು. ಆ ದಕ್ಷಿಣೆಯ ಹಣದ ಒಂದು ಭಾಗದಿಂದಲೇ ಎಲ್ಫಿನ್‌ಸ್ಟನ್ನನ ಕಾಲದಲ್ಲಿ, 1821ರಲ್ಲಿ, ಮುಂದೆ ಡೆಕ್ಕನ್ ಕಾಲೇಜಾದ ಹಿಂದೂ ಪಾಠಶಾಲೆ ತೆರೆಯಿತು.