ಎಂಜಿನ್ ಬದಲಾವಣೆ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡು

ಎಂಜಿನಿನ ಸಿಲಿಂಡರುಗಳಿಂದ ಹೊರಬೀಳುವ ದಗ್ಧಾನಿಲವನ್ನು ಒಟ್ಟುಗೂಡಿಸಿ ಒಂದು ಕೊಳವೆಗೆ ಸಾಗಿಸುವ ಭಾಗಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡು ಎಂದು ಹೆಸರು. ನೋಡುವುದಕ್ಕೆ ಇದು ಕವಲೊಡೆದ ಕೊಳವೆ ಮಾತ್ರ. ತಾನಾಗಿ ಚಲಿಸುವ ಯಾವ ಅಂಗವೂ ಇದರಲ್ಲಿಲ್ಲ. ಆದುದರಿಂದಲೇ ಒಂದು ಕಾರಿನ ಮೂಲ ಎಂಜಿನನ್ನು ತೆಗೆದು ಬೇರೊಂದನ್ನು ಕೂರಿಸಲು ಹೊರಟವರು ಇದನ್ನು ಕಡೆಯ ಕೆಲಸವೆಂದು ಭಾವಿಸುವುದು ವಾಡಿಕೆ. ಗೇರುಪೆಟ್ಟಿಗೆ, ಆಸರೆಗಳು, ತಂಪುಕಾರಕ ಇವೆಲ್ಲ ಸರಿಹೊಂದಿದ ಮೇಲೆ ಕೊಳವೆಯನ್ನು ಹೇಗಾದರೂ ಬಗ್ಗಿಸಿ ಸೇರಿಸಬಹುದೆಂಬ ಈ ಎಣಿಕೆ ಸರಿಯಲ್ಲ. ಮ್ಯಾನಿಫೋಲ್ಡು ಕಾದು ಹಿಗ್ಗುವ, ಎಂಜಿನಿನೊಡನೆ ಅಲುಗುವ, ವಿಷಾನಿಲವನ್ನು ಹೊತ್ತ ಒಂದು ಯಂತ್ರಭಾಗ. ಈ ದೃಷ್ಟಿಯಿಂದ ಅದನ್ನು ಮನೆಯ ಕಾರ್ಯಾಗಾರದಲ್ಲಿ ಮಾರ್ಪಡಿಸುವ ಬಗೆಯನ್ನು, ಪ್ರಸಿದ್ಧವಾದ ಒಂದು ಉದಾಹರಣೆಯ ಮೂಲಕ, ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ನಮ್ಮ ಉದಾಹರಣೆ ಇಂಗ್ಲೆಂಡಿನ ಎಂ.ಜಿ.ಬಿ. ಕಾರು. 1962ರಲ್ಲಿ ಹೊರಬಂದು 1980ರವರೆಗೆ ತಯಾರಾದ ಈ ಚಿಕ್ಕ ಕಾರಿಗೆ 1798 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ 'ಬಿ' ಶ್ರೇಣಿಯ ಎಂಜಿನು ಇತ್ತು. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಡರ್ ಕಾರಿನ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನೂ ಇದೇ ವಂಶಕ್ಕೆ ಸೇರಿದುದು. ಇದರ ಬದಲಿಗೆ ರೋವರ್ ಸಂಸ್ಥೆಯ 3528 ಘನ ಸೆಂಟಿಮೀಟರಿನ ವಿ-8 ಎಂಜಿನನ್ನು ಕೂರಿಸುವ ಕೆಲಸವನ್ನು 1970ರ ದಶಕದ ಆರಂಭದಲ್ಲಿ ಕೆನ್ ಕಾಸ್ಟೆಲೊ ಎಂಬಾತ ಮಾಡಿ ತೋರಿಸಿದನು. 1973ರಲ್ಲಿ ತಯಾರಕರೇ ಅಂತಹ ಕಾರನ್ನು ಮಾರುಕಟ್ಟೆಗೆ ತಂದರು. 1976ರವರೆಗೆ 2591 ಕಾರುಗಳು ತಯಾರಾದುವು. ಇಂದಿಗೂ ಹವ್ಯಾಸಿಗಳು ತಮ್ಮ ಮನೆಗಳಲ್ಲಿ ಈ ಬದಲಾವಣೆಯನ್ನು ಕೈಗೊಳ್ಳುತ್ತಿದ್ದಾರೆ. ರೋವರ್ ಎಂಜಿನಿನ ದೇಹವೂ ಹೆಡ್ಡುಗಳೂ ಅಲ್ಯೂಮಿನಿಯಮ್ಮಿನವಾದುದರಿಂದ, ಗಾತ್ರ ಇಮ್ಮಡಿಯಾಗಿದ್ದರೂ ತೂಕದಲ್ಲಿ ಅದು ಕಬ್ಬಿಣದ ಹಳೆಯ ಎಂಜಿನಿಗೆ ಹೆಚ್ಚುಕಡಿಮೆ ಸಮ. ತೊಡಕು ಇರುವುದು ತೂಕದಲ್ಲಲ್ಲ, ಅಗಲದಲ್ಲಿ.

ಹಳೆಯ ಎಂಜಿನಿನಲ್ಲಿ ಒಳದಾರಿ ಹೊರದಾರಿಗಳೆರಡೂ ಎಡಪಕ್ಕದಲ್ಲಿಯೇ ಇದ್ದುವು, ಬಲಪಕ್ಕ ತೆರವಾಗಿತ್ತು. ವಿ-8 ಎಂಜಿನಿನಲ್ಲಿ ನಾಲ್ಕು ನಾಲ್ಕು ಸಿಲಿಂಡರುಗಳ ಎರಡು ಸಾಲುಗಳು ಇಳಿಜಾರಾಗಿ ನಿಂತಿರುತ್ತವೆ. ಪ್ರತಿಯೊಂದು ಸಾಲಿನ ಹೊರಮಗ್ಗುಲಿನಿಂದಲೂ ದಗ್ಧಾನಿಲ ಹೊರಬರುತ್ತದೆ. ಹೀಗಾಗಿ ಒಂದಿದ್ದ ಮ್ಯಾನಿಫೋಲ್ಡು ಎರಡಾಗುತ್ತದೆ. ಅವೆರಡನ್ನೂ ಎಂಜಿನಿಗೂ ಕಾರಿನ ಒಡಲಿಗೂ ನಡುವಣ ಇಕ್ಕಟ್ಟಿನಲ್ಲಿ ಇಳಿಸಬೇಕು. ಬಲಗಡೆ ಕುಳಿತು ನಡೆಸುವ ಕಾರಿನಲ್ಲಿ ಸ್ಟಿಯರಿಂಗ್ ದಂಡವೂ ಅದೇ ದಾರಿಯಲ್ಲಿ ಹಾಯುತ್ತದೆ. ಈ ಸಮಸ್ಯೆಗೆ ಎರಡು ಪರಿಹಾರಗಳು ಪ್ರಚಾರದಲ್ಲಿವೆ. ಎಂಜಿನಿಗೆ ಒತ್ತಿಕೊಂಡು ಇಳಿಯುವ ಗಿಡ್ಡ ಮ್ಯಾನಿಫೋಲ್ಡು ಮೊದಲನೆಯದು; 1973ರ ಕಾರಿನಲ್ಲಿ ಈ ಕ್ರಮವಿತ್ತು. ಎರಡನೆಯದು, ಒಳಮಡ್ಗಾರ್ಡಿನ ತಗಡಿನಲ್ಲಿ ಕಿಂಡಿ ತೆರೆದು ಕೊಳವೆಗಳನ್ನು ಚಕ್ರದ ಕಡೆಗೆ ಹಾಯಿಸಿ ಕೆಳಕ್ಕೆ ತರುವುದು. 1990ರ ದಶಕದ ಎಂ.ಜಿ. ಆರ್.ವಿ.8 ಕಾರಿನಲ್ಲಿ ಈ ಕ್ರಮವನ್ನು ಅನುಸರಿಸಲಾಯಿತು. ಇದರಿಂದ ಎಂಜಿನಿನ ಕೋಣೆಯ ಕಾವು ತಗ್ಗುತ್ತದೆ. ಆದರೆ ತಗಡನ್ನು ಕತ್ತರಿಸಿದಲ್ಲಿ ಅಂಚುಕಟ್ಟಿ ಬಲಪಡಿಸದಿದ್ದರೆ ಒಡಲು ದುರ್ಬಲವಾಗುತ್ತದೆ.

ಸ್ಥಳ ಸಿಕ್ಕಿತೆಂದ ಮಾತ್ರಕ್ಕೆ ಕೊಳವೆಗಳನ್ನು ಮನಬಂದಂತೆ ಕೂಡಿಸುವಂತಿಲ್ಲ. ರೋವರ್ ಎಂಜಿನಿನ ದಹನಕ್ರಮ 1-8-4-3-6-5-7-2. ಎಡಸಾಲಿನಲ್ಲಿ ಬೆಸಸಂಖ್ಯೆಯ ಸಿಲಿಂಡರುಗಳೂ ಬಲಸಾಲಿನಲ್ಲಿ ಸಮಸಂಖ್ಯೆಯವೂ ಇವೆ. ಕ್ರ್ಯಾಂಕ್ ದಂಡ ಎರಡು ಸುತ್ತು, ಎಂದರೆ 720 ಡಿಗ್ರಿ, ತಿರುಗುವುದರೊಳಗೆ ಎಂಟೂ ಸಿಲಿಂಡರುಗಳಲ್ಲಿ 90 ಡಿಗ್ರಿಗೊಂದರಂತೆ ದಹನವಾಗುತ್ತದೆ. ಎಡಸಾಲನ್ನಷ್ಟೆ ಎಣಿಸಿದರೆ 1ನೆಯದು 0 ಡಿಗ್ರಿಯಲ್ಲಿ, 3ನೆಯದು 270ರಲ್ಲಿ, 5ನೆಯದು 450ರಲ್ಲಿ, 7ನೆಯದು 540ರಲ್ಲಿ ಬರುತ್ತವೆ. ಅಕ್ಕಪಕ್ಕದಲ್ಲಿರುವ 5 ಮತ್ತು 7ರ ನಡುವಣ ಅಂತರ 90 ಡಿಗ್ರಿ ಮಾತ್ರ ಎಂಬುದನ್ನು ಓದುಗರು ಗಮನಿಸಬೇಕು. ಹೊರಕವಾಟ 180 ಡಿಗ್ರಿಗಿಂತಲೂ ಹೆಚ್ಚು ಕಾಲ ತೆರೆದಿರುವುದರಿಂದ, 5ನೆಯ ಸಿಲಿಂಡರು ತನ್ನ ಅನಿಲವನ್ನು ಇನ್ನೂ ಹೊರದೂಡುತ್ತಿರುವಾಗಲೇ 7ನೆಯದರ ಒತ್ತಡದ ಅಲೆ ಬಂದು ಎದುರಾಗುತ್ತದೆ. ನೆರೆಯ ಕೊಳವೆಗಳೆಂದು ಇವೆರಡನ್ನು ಮೊದಲು ಕೂಡಿಸುವುದು ಸುಲಭ. ಆದರೆ ಅದೇ ಅತ್ಯಂತ ಕೆಟ್ಟ ಜೋಡಣೆ. 1ನ್ನು 5ರೊಡನೆಯೂ 3ನ್ನು 7ರೊಡನೆಯೂ ಕೂಡಿಸಿದರೆ ಪ್ರತಿಜೋಡಿಯಲ್ಲಿಯೂ ಅಂತರ ಕನಿಷ್ಠಪಕ್ಷ 270 ಡಿಗ್ರಿ ದೊರೆಯುತ್ತದೆ. ಇದೇ ಲೆಕ್ಕದಿಂದ ಬಲಸಾಲಿನಲ್ಲಿ 8ಕ್ಕೆ 6, 4ಕ್ಕೆ 2 ತಕ್ಕ ಜೊತೆಗಳು. ವಿದ್ಯಾರ್ಥಿಗಳು ಇದನ್ನು ಸ್ವತಃ ಎಣಿಸಿ ನೋಡಬಹುದು. ಎರಡು ಹಂತದ ಕೂಡುವಿಕೆಗೆ ಎಡೆಯಿಲ್ಲದಿದ್ದರೆ ನಾಲ್ಕು ಕೊಳವೆಗಳನ್ನೂ ಸಾಧ್ಯವಾದಷ್ಟು ದೂರ ಬೇರೆಬೇರೆಯಾಗಿ ಒಯ್ದು ಒಂದೆಡೆ ಕೂಡಿಸುವುದು ಮೇಲು. ಬಾಗಿಸುವಾಗ ಕೊಳವೆ ಚಪ್ಪಟೆಯಾಗಲೂಬಾರದು; ವ್ಯಾಸ ನೂರಕ್ಕೆ 10ರಷ್ಟು ಕುಗ್ಗಿದರೆ ಅನಿಲದ ದಾರಿಯ ಕ್ಷೇತ್ರಫಲ ನೂರಕ್ಕೆ 19ರಷ್ಟು ಕುಗ್ಗುತ್ತದೆ.

ಇನ್ನು ಲೋಹದ ಆಯ್ಕೆ. ಹಳೆಯ ಎರಕದ ಕಬ್ಬಿಣದ ಮ್ಯಾನಿಫೋಲ್ಡನ್ನೇ ಕತ್ತರಿಸಿ, ತಿರುಗಿಸಿ, ಬೆಸೆದು ಉಪಯೋಗಿಸುವುದು ಮಿತವ್ಯಯದ ದಾರಿಯಂತೆ ಕಾಣುತ್ತದೆ. ಆದರೆ ಎರಕದ ಕಬ್ಬಿಣದಲ್ಲಿ ನೂರಕ್ಕೆ ಸುಮಾರು 3ರಷ್ಟು ಇಂಗಾಲವಿದೆ. ಬೆಸುಗೆಯ ಪಕ್ಕದ ಭಾಗ ಥಟ್ಟನೆ ತಣ್ಣಗಾದರೆ ಅಲ್ಲಿ ಗಡಸೂ ಭಿದುರವೂ ಆದ ರಚನೆ ಉಂಟಾಗಿ, ತಣಿಯುವಾಗಲೇ ಬಿರುಕು ಬಿಡುತ್ತದೆ. ಇದನ್ನು ತಪ್ಪಿಸಲು ಇಡೀ ವಸ್ತುವನ್ನು ಮೊದಲೇ ಸಮವಾಗಿ ಕಾಯಿಸಿ, ನಿಕ್ಕಲ್ ಕಡ್ಡಿಯಿಂದ ಸ್ವಲ್ಪಸ್ವಲ್ಪವಾಗಿ ಬೆಸೆದು, ಒಣಮರಳಿನಲ್ಲಿಯೋ ಬೂದಿಯಲ್ಲಿಯೋ ಹುದುಗಿಸಿ ಗಂಟೆಗಟ್ಟಲೆ ಆರಲು ಬಿಡಬೇಕು. ಇಷ್ಟು ಸಾಧನಗಳಿಲ್ಲದವರು ಉಕ್ಕಿನ ಕೊಳವೆಗಳಿಂದ ಹೊಸದನ್ನೇ ಕಟ್ಟುವುದು ಕ್ಷೇಮ. ಸತುವಿನ ಲೇಪವಿರುವ ನೀರಿನ ಕೊಳವೆಯನ್ನು ಮಾತ್ರ ಎಂದಿಗೂ ಬಳಸಕೂಡದು. ಸತು 907 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದರಿಂದ ಬೆಸೆಯುವಾಗ ಅದರ ಹೊಗೆ ಎದ್ದು, ಉಸಿರಾಡಿದವರಿಗೆ ಚಳಿಜ್ವರ ಬರುತ್ತದೆ.

ಹಿಗ್ಗುವಿಕೆಯ ಲೆಕ್ಕ ಇಡೀ ವಿನ್ಯಾಸಕ್ಕೆ ತಳಹದಿ. ಮೆದು ಉಕ್ಕಿನ ಒಂದು ಮೀಟರ್ ಉದ್ದ, ಪ್ರತಿ ಡಿಗ್ರಿಗೆ, ಮೀಟರಿನ ಹತ್ತು ಲಕ್ಷದಲ್ಲಿ 12 ಭಾಗದಷ್ಟು ಬೆಳೆಯುತ್ತದೆ. 500 ಮಿಲಿಮೀಟರ್ ಉದ್ದದ ಕೊಳವೆ 600 ಡಿಗ್ರಿಯಷ್ಟು ಕಾದರೆ 3.6 ಮಿಲಿಮೀಟರ್ ಉದ್ದವಾಗುತ್ತದೆ. ಸ್ಟೇನ್‌ಲೆಸ್ ಉಕ್ಕಿನದಾದರೆ ಸುಮಾರು 5 ಮಿಲಿಮೀಟರ್. ಈ ಬೆಳವಣಿಗೆಗೆ ಎಡೆಗೊಡದೆ ಎರಡೂ ತುದಿಗಳನ್ನು ಬಿಗಿದರೆ ಬೆಸುಗೆ ಒಡೆಯುತ್ತದೆ, ಇಲ್ಲವೆ ಬೋಲ್ಟು ಮುರಿಯುತ್ತದೆ. ಹೆಡ್ಡಿಗೆ ಕೂಡುವ ಪಟ್ಟಿಯ ವಿಷಯವೂ ಹೀಗೆಯೇ. ಮೊದಲ ಬೋಲ್ಟಿನಿಂದ ಕೊನೆಯ ಬೋಲ್ಟಿಗೆ 400 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಉಕ್ಕಿನ ಪಟ್ಟಿ 300 ಡಿಗ್ರಿಯಷ್ಟು ಕಾದು ಸುಮಾರು 1.4 ಮಿಲಿಮೀಟರ್ ಬೆಳೆದರೆ, ನೀರಿನಿಂದ ತಂಪಾಗುವ ಅಲ್ಯೂಮಿನಿಯಮ್ ಹೆಡ್ಡು 80 ಡಿಗ್ರಿಯಷ್ಟು ಕಾದು ಸುಮಾರು 0.7 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಉಳಿದ ಅಂತರವನ್ನು ಬೋಲ್ಟಿನ ರಂಧ್ರಗಳೇ ಸಹಿಸಬೇಕು. ಆದುದರಿಂದ ನಡುವಣ ರಂಧ್ರಗಳನ್ನು ಸರಿಯಾದ ಅಳತೆಗೂ ಕೊನೆಯವನ್ನು ತುಸು ಅಗಲವಾಗಿಯೂ ಕೊರೆಯಬೇಕು. ಅಥವಾ ಬೆಸುಗೆಯೆಲ್ಲ ಮುಗಿದ ಮೇಲೆ ಪಟ್ಟಿಯನ್ನು ದ್ವಾರದ್ವಾರಕ್ಕೂ ನಡುವೆ ಕತ್ತರಿಸಿ ಬಿಡಿಯಾಗಿಸಬೇಕು.

ಕೆಲಸದ ಅನುಕ್ರಮವೂ ಇದರಿಂದಲೇ ಹೊರಡುತ್ತದೆ. ಎಂಜಿನು, ಗೇರುಪೆಟ್ಟಿಗೆ, ಸ್ಟಿಯರಿಂಗ್ ದಂಡ, ಸ್ಟಾರ್ಟರ್ ಮೋಟಾರು, ಬ್ರೇಕಿನ ನಾಳಗಳು ಇವೆಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತ ಮೇಲೆಯೇ ಕೊಳವೆಯ ದಾರಿಯನ್ನು ಗುರುತಿಸಬೇಕು. ಗ್ಯಾಸ್ಕೆಟ್ಟನ್ನು ಮಾದರಿಯಾಗಿಟ್ಟು 8ರಿಂದ 10 ಮಿಲಿಮೀಟರ್ ದಪ್ಪದ ಉಕ್ಕಿನಲ್ಲಿ ಪಟ್ಟಿಯನ್ನು ಕತ್ತರಿಸಬೇಕು. ಬಾಗುಗಳನ್ನು ಕಾರಿನ ಮೇಲೆಯೇ ಹೊಂದಿಸಿ, ಬ್ಯಾಟರಿಯ ತಂತಿಯನ್ನು ಕಳಚಿ, ಚುಕ್ಕಿಬೆಸುಗೆಯಿಂದ ಹಿಡಿದು ನಿಲ್ಲಿಸಬೇಕು. ಪೂರ್ಣ ಬೆಸುಗೆಯನ್ನು ಮಾತ್ರ ಹೊರಗೆ, ಪಟ್ಟಿಯನ್ನು ನಿರುಪಯುಕ್ತವಾದ ಹಳೆಯ ಹೆಡ್ಡಿಗೋ ದಪ್ಪ ಹಲಗೆಯುಕ್ಕಿಗೋ ಬಿಗಿದು, ಒಂದೆಡೆಯಿಂದ ಇನ್ನೊಂದೆಡೆಗೆ ಸ್ಥಳ ಬದಲಿಸುತ್ತ ನಡೆಸಬೇಕು. ಇಷ್ಟಾದರೂ ಪಟ್ಟಿ ಸ್ವಲ್ಪ ಸೊಟ್ಟಗಾಗುವುದು ಸಹಜ. ನೇರಪಟ್ಟಿ ಇಟ್ಟು ನೋಡಿ, ಅರದಿಂದ ಉಜ್ಜಿ ಸಮತಲಕ್ಕೆ ತರದೆ ಜೋಡಿಸಬಾರದು.

ಎಂಜಿನು ರಬ್ಬರ್ ಆಸರೆಗಳ ಮೇಲೆ ಕುಳಿತಿದೆ. ವೇಗ ಹೆಚ್ಚಿಸಿದಾಗ ಅದು ಒಂದು ಪಕ್ಕಕ್ಕೆ ವಾಲುತ್ತದೆ. ನಿಂತಾಗ ಸ್ಟಿಯರಿಂಗ್ ದಂಡಕ್ಕೆ ತಾಗದ ಕೊಳವೆ ಓಡುವಾಗ ತಾಗಬಹುದು. ಆದುದರಿಂದ ಅಲ್ಲಿ 20 ಮಿಲಿಮೀಟರಿಗೆ ಕಡಮೆಯಿಲ್ಲದ ತೆರವನ್ನು ಬಿಡುವುದು ವಿವೇಕ. ಮ್ಯಾನಿಫೋಲ್ಡಿಗೂ ಒಡಲಿಗೆ ತೂಗುಹಾಕಿದ ಹಿಂಗೊಳವೆಗೂ ನಡುವೆ ಮಣಿಯುವ ಕೀಲೊಂದು ಇರಬೇಕು. ಬ್ರೇಕಿನ ನಾಳಕ್ಕೂ ಇಂಧನದ ನಾಳಕ್ಕೂ ಕಾವುತಡೆಯ ತಗಡನ್ನು ಮರೆಮಾಡಬೇಕು. ಬ್ರೇಕಿನ ದ್ರವ ಕುದಿದರೆ ಬ್ರೇಕು ಹಿಡಿಯದು.

ಸೋರಿಕೆಯ ಪರೀಕ್ಷೆಯನ್ನು ಗಾಢವಾಗಿ ಮಾಡಬೇಕು. ದಗ್ಧಾನಿಲದಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಕೂಡಿಕೊಳ್ಳುತ್ತದೆ. ಕಾರಿನೊಳಕ್ಕೆ ಗಾಳಿಯೆಳೆಯುವ ಕಿಂಡಿಯ ಬಳಿ ಕೂದಲೆಳೆಯ ಬಿರುಕೊಂದಿದ್ದರೂ ಚಾಲಕನಿಗೆ ಮಂಕು ಕವಿಯುವುದು ಅವನಿಗೇ ತಿಳಿಯದು. ಬೇರೆಯ ದೋಷಗಳು ಕಾರನ್ನು ನಿಲ್ಲಿಸುತ್ತವೆ. ಈ ದೋಷ ಕಾರನ್ನು ಓಡಲು ಬಿಟ್ಟು ಮನುಷ್ಯನನ್ನು ಕೆಡಹುತ್ತದೆ. ಎಂಜಿನು ತಣ್ಣಗಿರುವಾಗ ಕೊಳವೆಯೊಳಕ್ಕೆ ಅಲ್ಪ ಒತ್ತಡದ ಗಾಳಿಯನ್ನು ಹಾಯಿಸಿ, ಕೂಡುಗಳಿಗೆಲ್ಲ ಸಾಬೂನುನೀರು ಬಳಿದು ಗುಳ್ಳೆಗಳನ್ನು ಹುಡುಕಬೇಕು. ಎಂಜಿನನ್ನು ಮೊದಲ ಸಲ ನಡೆಸುವುದು ಬಯಲಿನಲ್ಲಿಯೇ ಹೊರತು ಮುಚ್ಚಿದ ಷೆಡ್ಡಿನಲ್ಲಲ್ಲ. ಚೆನ್ನಾಗಿ ಕಾದು ತಣಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.

ನಮ್ಮ ದೇಶದಲ್ಲಿ ಇಂತಹ ಕೆಲಸಕ್ಕೆ ಕಾನೂನಿನ ಮಿತಿಯೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಿರ್ದೇಶಿಸಿದವುಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ನಿರ್ಬಂಧವಿದೆ. ಎಂಜಿನನ್ನು ಕೊಳ್ಳುವ ಮುನ್ನವೇ ನೋಂದಣಿ ಅಧಿಕಾರಿಗಳಲ್ಲಿ ವಿಚಾರಿಸುವುದು ಯುಕ್ತ. ಆದರೆ ಈ ವಿಷಯದ ಅಭ್ಯಾಸಕ್ಕೆ ಕಾರೇ ಬೇಕೆಂಬ ನಿಯಮವಿಲ್ಲ. ಹಳೆಯ ಹೆಡ್ಡೊಂದು, ನಾಲ್ಕು ಕೊಳವೆ, ಒಂದು ಬೆಸುಗೆಯಂತ್ರ ಇಷ್ಟಿದ್ದರೆ ಕಾಲೇಜಿನ ಕಾರ್ಯಾಗಾರದಲ್ಲಿಯೇ ಅನಿಲಗಳ ಚಲನೆ, ಲೋಹಗಳ ಹಿಗ್ಗುವಿಕೆ, ಬೆಸುಗೆಯ ಗುಣದೋಷ ಈ ಮೂರು ಪಾಠಗಳನ್ನೂ ಒಂದೇ ವಸ್ತುವಿನಲ್ಲಿ ತೋರಿಸಬಹುದು. ಪುಸ್ತಕದಲ್ಲಿ ಬೇರೆಬೇರೆ ಅಧ್ಯಾಯಗಳಲ್ಲಿರುವ ಈ ಸಂಗತಿಗಳು ಅಲ್ಲಿ ಒಟ್ಟಿಗೆ ಬಂದು, ಒಂದನ್ನು ಕಡೆಗಣಿಸಿದರೆ ಉಳಿದೆರಡೂ ವ್ಯರ್ಥವಾಗುವುದೆಂಬುದು ವಿದ್ಯಾರ್ಥಿಗಳಿಗೆ ಮನದಟ್ಟಾಗುತ್ತದೆ.