ಕಮರ್ಷಿಯಲ್ ಸ್ಟ್ರೀಟಿನ ಮೋಸೆಸ್, ಸಮಾಧಿಯ ಮೇಲಿನ ಬೆಣಚುಕಲ್ಲು

ಬೆಂಗಳೂರಿನ ಶಿವಾಜಿನಗರದ ಬಸ್ ನಿಲ್ದಾಣದಿಂದ ಕಮರ್ಷಿಯಲ್ ಸ್ಟ್ರೀಟಿಗೆ ಸ್ವಲ್ಪವೇ ನಡಿಗೆ. ಬ್ರಿಟಿಷರ ದಂಡಿನ ಕಾಲದಲ್ಲಿ ಅಲ್ಲಿ ರೂಬಿನ್ ಮೋಸೆಸ್ ಎಂಬ ಯಹೂದಿ ವರ್ತಕರ ಚಪ್ಪಲಿ-ಬೂಟಿನ ಅಂಗಡಿ ಹೆಸರುವಾಸಿಯಾಗಿತ್ತು. ಇರಾಕಿನ ಮೂಲದ ಮನೆತನ ಅವರದು.

ಬೆಂಗಳೂರಿನ ಯಹೂದಿಗಳು ಯಾವತ್ತೂ ಬೆರಳೆಣಿಕೆಯವರೇ. ಅವರಿಗೆ ಇಲ್ಲಿ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ, ಇಲ್ಲ. ಆದರೆ ಮೈಸೂರು ರಸ್ತೆಯ ಬಳಿ ಸ್ಮಶಾನವಿದೆ. ಅದು ಶುರುವಾದದ್ದು 1904ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ.

ಯಹೂದಿಗಳಲ್ಲಿ ಮನೆಯ ಹಿರಿಯರು ತೀರಿಕೊಂಡಾಗ ಮಕ್ಕಳು ಬಟ್ಟೆಯನ್ನು ಎದೆಯ ಬಳಿ ಕೊಂಚ ಹರಿಯುತ್ತಾರೆ. ಆಮೇಲೆ ಏಳು ದಿನ ತಗ್ಗಿನ ಆಸನದಲ್ಲಿ ಕೂರುವ 'ಶಿವಾ'. ನೆಂಟರಿಷ್ಟರು ಅಡುಗೆ ಮಾಡಿ ತರುತ್ತಾರೆ. ದುಃಖದಲ್ಲಿರುವವರು ಮಾತೆತ್ತುವ ತನಕ ಬಂದವರು ಸುಮ್ಮನೆ ಕೂರುವುದು ವಾಡಿಕೆ.

ತಂದೆಗಾಗಿ ಮಗ ಹನ್ನೊಂದು ತಿಂಗಳು 'ಕದ್ದಿಶ್' ಹೇಳಬೇಕು. ಅರಮಾಯಿಕ್ ಭಾಷೆಯ ಈ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ಇರುವುದೆಲ್ಲ ದೇವರ ಸ್ತುತಿ. ಸಂಪ್ರದಾಯದ ಪ್ರಕಾರ ಅದಕ್ಕೆ ಹತ್ತು ಮಂದಿ ವಯಸ್ಕ ಗಂಡಸರು ಸೇರಬೇಕು. ಬೆಂಗಳೂರಿನಂಥ ಪುಟ್ಟ ಸಮುದಾಯಕ್ಕೆ ಕಷ್ಟವಾಗುವುದು ಇಲ್ಲಿಯೇ. ಹತ್ತನೆಯವರು ಸಿಗದಿದ್ದರೆ ಕದ್ದಿಶ್ ಕೂಡ ನಿಲ್ಲುತ್ತದೆ.

ನಮ್ಮಲ್ಲಿ ವರ್ಷಕ್ಕೊಮ್ಮೆ ತಿಥಿ ಮಾಡುವಂತೆ ಅವರಲ್ಲಿ 'ಯಾರ್ಟ್‌ಸೈಟ್'. ಅದೂ ಚಾಂದ್ರಮಾಸದ ದಿನವನ್ನೇ ಹಿಡಿಯುತ್ತದೆ. ಹಿಂದಿನ ಸಂಜೆ ಹಚ್ಚಿದ ಮೇಣದ ದೀಪ ಇಪ್ಪತ್ತನಾಲ್ಕು ಗಂಟೆ ಉರಿಯುತ್ತದೆ. ಸಮಾಧಿಗೆ ಹೋದವರು ಸಾಮಾನ್ಯವಾಗಿ ಹೂವಿನ ಬದಲು ಬೆಣಚುಕಲ್ಲೊಂದನ್ನು ಇಟ್ಟು, ಹೊರಡುವಾಗ ಕೈತೊಳೆದುಕೊಳ್ಳುತ್ತಾರೆ.