ಫ್ಲೋರ್‌ಬಾಲ್: ಎಲ್ಲರ ಕೋಲಿಗೂ ಸಿಗಲಿ ಚೆಂಡು

ತುದಿಯಲ್ಲಿ ಪ್ಲಾಸ್ಟಿಕ್ ಅಲಗಿರುವ ಹಗುರವಾದ ಕೋಲು. ಮೈತುಂಬ 26 ತೂತುಗಳಿರುವ ಚೆಂಡು. ಆ ಚೆಂಡಿನ ತೂಕ ಕೇವಲ 23 ಗ್ರಾಂ, ಅಂದರೆ ನಮ್ಮ ಹಾಕಿ ಚೆಂಡಿನ ಸುಮಾರು ಏಳರಲ್ಲಿ ಒಂದು ಪಾಲು. ಇದೇ ಫ್ಲೋರ್‌ಬಾಲ್. 1970ರ ದಶಕದಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ ಈ ಒಳಾಂಗಣ ಆಟಕ್ಕೆ 1986ರಲ್ಲಿ ಸ್ವೀಡನ್, ಫಿನ್ಲೆಂಡ್, ಸ್ವಿಟ್ಜರ್ಲೆಂಡ್ ಸೇರಿ ಅಂತರರಾಷ್ಟ್ರೀಯ ಒಕ್ಕೂಟವೊಂದನ್ನು ಕಟ್ಟಿದವು. ವಿಶ್ವವಿದ್ಯಾಲಯಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 2002ರಲ್ಲಿ, ಗೋಥೆನ್‌ಬರ್ಗ್ ನಗರದಲ್ಲಿ.

ಅಂಥ ಚಾಂಪಿಯನ್‌ಷಿಪ್‌ಗೆ ಆಯ್ಕೆಯಾಗುವವರು ಒಂದು ದೇಶಕ್ಕೆ ಇಪ್ಪತ್ತು ಮಂದಿ. ಉಳಿದ ಸಾವಿರಾರು ವಿದ್ಯಾರ್ಥಿಗಳ ಪಾಡೇನು? ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುವ ಊರಿನಲ್ಲಿ ಓದಿನ ಕೋಣೆಯೊಳಗೇ ಕುಳಿತರೆ ಮೈಗೂ ಮನಸ್ಸಿಗೂ ಜಡ್ಡು ಹಿಡಿಯುತ್ತದೆ. ಇಂಥವರಿಗಾಗಿಯೇ ಇರುವುದು ಪುಟ್ಟ ತಂಡಗಳ ಪಂದ್ಯಾವಳಿ.

ಪೂರ್ಣ ಪ್ರಮಾಣದ ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಗೋಲ್‌ಕೀಪರ್ ಅಲ್ಲದೆ ಐವರು ಆಟಗಾರರು. ಇಪ್ಪತ್ತು ನಿಮಿಷದ ಮೂರು ಅವಧಿ. ಪುಟ್ಟ ಆಟದಲ್ಲಿ ಅಂಕಣ ಕಿರಿದು, ಆಡುವವರು ಮೂವರು, ಜೊತೆಗೊಬ್ಬ ಗೋಲ್‌ಕೀಪರ್. ಕಾಲೇಜಿನ ಸಾಧಾರಣ ವ್ಯಾಯಾಮ ಶಾಲೆಯೇ ಸಾಕು. ಮೂವರೇ ಇರುವುದರಿಂದ ಯಾರೂ ಮೂಲೆಯಲ್ಲಿ ನಿಂತು ನೋಡುವಂತಿಲ್ಲ, ಚೆಂಡು ಎಲ್ಲರ ಬಳಿಗೂ ಬಂದೇ ಬರುತ್ತದೆ.

ಇನ್ನು ವೇಳಾಪಟ್ಟಿ. ಎಂಟು ತಂಡಗಳು ಬಂದಿವೆ ಎನ್ನಿ. ಸೋತವರು ಮನೆಗೆ ಎಂಬ ನಾಕೌಟ್ ಪದ್ಧತಿಯಲ್ಲಿ ಏಳೇ ಪಂದ್ಯಗಳಲ್ಲಿ ಎಲ್ಲವೂ ಮುಗಿಯುತ್ತದೆ. ಸಂಘಟಕರಿಗೆ ಸುಲಭ, ನಿಜ. ಆದರೆ ನಾಲ್ಕು ತಂಡಗಳು ಒಂದೇ ಪಂದ್ಯ ಆಡಿ ಹೊರಟುಹೋಗುತ್ತವೆ. ಅವರಲ್ಲಿ ಹೆಚ್ಚಿನವರು ಅಂದೇ ಮೊದಲ ಸಲ ಕೋಲು ಹಿಡಿದವರು. ಅವರು ಮತ್ತೆ ಈ ಕಡೆ ತಲೆ ಹಾಕುವುದು ಅನುಮಾನ. ಎಲ್ಲರೂ ಎಲ್ಲರೊಡನೆ ಆಡಲಿ ಎಂದರೆ 28 ಪಂದ್ಯ. ಪಂದ್ಯಕ್ಕೆ ಹತ್ತು ನಿಮಿಷ, ನಡುವೆ ಐದು ನಿಮಿಷ ಬಿಡುವು ಎಂದರೂ ಏಳು ಗಂಟೆ ಬೇಕು. ಮಧ್ಯದ ದಾರಿಯೆಂದರೆ ನಾಲ್ಕು ತಂಡಗಳ ಎರಡು ಗುಂಪು: ಗುಂಪಿನ ಪಂದ್ಯ ಹನ್ನೆರಡು, ಸೆಮಿಫೈನಲ್ ಎರಡು, ಮೂರನೆಯ ಸ್ಥಾನಕ್ಕೊಂದು, ಫೈನಲ್ ಒಂದು. ಒಟ್ಟು ಹದಿನಾರು, ನಾಲ್ಕು ಗಂಟೆ. ಪ್ರತಿ ತಂಡಕ್ಕೂ ಕನಿಷ್ಠ ಮೂರು ಆಟ ಖಚಿತ.

ನಿಜವಾದ ತಲೆನೋವು ಅಂಕ ಸಮವಾದಾಗ. ಗುಂಪಿನಲ್ಲಿ 'ಅ' ತಂಡ 'ಬ'ವನ್ನು, 'ಬ' 'ಕ'ವನ್ನು, 'ಕ' ಮತ್ತೆ 'ಅ'ವನ್ನು ಸೋಲಿಸಿ, ಮೂರೂ ತಂಡಗಳು 'ಡ'ವನ್ನು ಸೋಲಿಸಿದರೆ ಮುಂದಕ್ಕೆ ಹೋಗುವ ಇಬ್ಬರು ಯಾರು? ಒಟ್ಟು ಗೋಲುಗಳ ವ್ಯತ್ಯಾಸ ನೋಡಿ ಎಂದರೆ ಬಡಪಾಯಿ 'ಡ' ತಂಡದ ಮೇಲೆ ಗೋಲಿನ ಮಳೆ ಸುರಿಸಲು ಎಲ್ಲರೂ ಮುಗಿಬೀಳುತ್ತಾರೆ. ಹೊಸಬರಿಗೆ ಇದಕ್ಕಿಂತ ಕೆಟ್ಟ ಸ್ವಾಗತ ಇನ್ನೊಂದಿಲ್ಲ. ಆದ್ದರಿಂದ ಸಮನಾದ ತಂಡಗಳ ನಡುವಣ ಪಂದ್ಯಗಳ ಗೋಲನ್ನಷ್ಟೇ ಮೊದಲು ಎಣಿಸುವುದು ಜಾಣತನ. ಆಗಲೂ ಸಮವಾದರೆ ಪೆನಾಲ್ಟಿ. ಇದನ್ನು ಮೊದಲ ಸೀಟಿ ಊದುವ ಮುನ್ನವೇ ಬರೆದು ಗೋಡೆಗೆ ಅಂಟಿಸಬೇಕು. ಆಮೇಲೆ ಹೇಳಿದ ನಿಯಮ ಎಷ್ಟೇ ನ್ಯಾಯವಾಗಿದ್ದರೂ ಪಕ್ಷಪಾತದಂತೆಯೇ ಕಾಣುತ್ತದೆ.

ಪೆಟ್ಟಿನ ಭಯ ಹೆತ್ತವರಿಗೆ ಸಹಜ. ಎದುರಾಳಿಯ ಕೋಲಿಗೆ ಹೊಡೆಯುವಂತಿಲ್ಲ, ಮೊಣಕಾಲಿಗಿಂತ ಮೇಲಿರುವ ಚೆಂಡನ್ನು ಕೋಲಿನಿಂದ ಆಡುವಂತಿಲ್ಲ. ಗೋಲ್‌ಕೀಪರ್ ಕೈಯಲ್ಲಿ ಕೋಲೇ ಇರುವುದಿಲ್ಲ. ಮುಖವಾಡ ತೊಟ್ಟು ಮಂಡಿಯೂರಿ ತಡೆಯುತ್ತಾನೆ. ಆದರೂ ಕಣ್ಣಿನ ಅಪಾಯ ಇದ್ದೇ ಇದೆ. ಚೆಂಡು ಹಗುರವಾದರೂ ಬಲವಾಗಿ ಹೊಡೆದಾಗ ಅದರ ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟುತ್ತದೆ. ರಕ್ಷಣಾ ಕನ್ನಡಕವನ್ನು ಹೊಸಬರಿಗೆ ಕಡ್ಡಾಯ ಮಾಡುವುದೇ ಒಳ್ಳೆಯದು.

ಉಳಿದದ್ದು ಕೈಗಳ ಲೆಕ್ಕ. ಇಬ್ಬರು ತೀರ್ಪುಗಾರರು, ಗಡಿಯಾರಕ್ಕೊಬ್ಬರು, ಗೋಲು ಬರೆಯಲೊಬ್ಬರು. ಅಂಕಣದ ಸುತ್ತಲಿನ 50 ಸೆಂಟಿಮೀಟರ್ ಎತ್ತರದ ಹಲಗೆಗಳು ಯಾರಾದರೂ ಡಿಕ್ಕಿ ಹೊಡೆದರೆ ಕಳಚಿಕೊಳ್ಳುತ್ತವೆ. ಅವನ್ನು ಓಡಿಹೋಗಿ ಜೋಡಿಸಲು ಇನ್ನಿಬ್ಬರು. ಆಟವಿಲ್ಲದ ತಂಡದವರೇ ಸರದಿಯಂತೆ ಈ ಕೆಲಸಕ್ಕೆ ನಿಂತರೆ ಹೊರಗಿನವರನ್ನು ಕರೆಯಬೇಕಿಲ್ಲ.